ಎಂಬತ್ತಮೂರನೆಯ ಬಿಲ್ಲೆ

ರೀಗಾದಲ್ಲಿ ಜನವರಿಯೆಂದರೆ ಮೊದಲು ತೂಕ.
ಒದ್ದೆ ಉಣ್ಣೆಯ ತೂಕ, ನರಿಯ ತುಪ್ಪಳದ ತೂಕ,
ಜೇಬಲ್ಲಿ ಮರೆತ ಬೀಗದ ಕೈಗಳ ತೂಕ.
ಒಬ್ಬೊಬ್ಬರೂ ಬಂದು ಹೆಗಲನ್ನೇ ಕಳಚಿದಂತೆ
ಕೋಟು ಕಳಚಿ ನನ್ನ ಕಟ್ಟೆಯ ಮೇಲಿಟ್ಟು
ಹಿತ್ತಾಳೆ ಬಿಲ್ಲೆ ಹಿಡಿದು ಒಳಹೋಗುತ್ತಾರೆ.
ಏಳಕ್ಕೆ ಬಾಗಿಲು ಮುಚ್ಚುತ್ತದೆ.
ಒಳಗೆ ನಾನೂರು ಜನ.
ಹೊರಗೆ ನಾನು,
ಅವರ ಎಂಟುನೂರು ಖಾಲಿ ತೋಳು.

ಹತ್ತೊಂಬತ್ತು ಚಳಿಗಾಲ ನಾಟಕ ನೋಡಿಲ್ಲ.
ಕೇಳಿದ್ದೇನೆ, ಗೋಡೆ ಕೊಟ್ಟಷ್ಟು.
ಗೋಡೆ ವ್ಯಂಜನಗಳನ್ನೆಲ್ಲ ತಾನೇ ಉಂಡು
ಸ್ವರಗಳನ್ನಷ್ಟೇ ಈಚೆ ಬಿಡುತ್ತದೆ.
ಆ ಅಂದರೆ ಯಾರೋ ಬಂದರು,
ಊ ಅಂದರೆ ಯಾರೋ ಹೋದರು,
ಮಿಕ್ಕಿದ್ದನ್ನು ನಾನೇ ಬಡಿಸಿಕೊಳ್ಳಬೇಕು.

ಬುಧವಾರ ಕಛೇರಿ.
ಅಂದು ಗೋಡೆಗೆ ಉಪವಾಸ, ಎಲ್ಲವೂ ಸ್ವರವೇ.
ಸೆಲ್ಲೋದ ದಪ್ಪ ತಂತಿ ಮಿಡಿದಾಗ
ಹಿಂದಿನ ಸಾಲಿನ ಬರಿದು ಹ್ಯಾಂಗರುಗಳು
ಸಣ್ಣಗೆ ನಡುಗುತ್ತವೆ.
ಸಂಗೀತ ನನಗೆ ಗೊತ್ತಿಲ್ಲ, ಅವಕ್ಕೆ ಗೊತ್ತು.
ನನಗೆ ಬೇಕಾದದ್ದು ಮುಗಿದ ಮೇಲಿನ ಗಳಿಗೆ:
ಚಪ್ಪಾಳೆಗೆ ಮುಂಚೆ, ಕೆಮ್ಮಿಗೂ ಮುಂಚೆ,
ಕೋಟಿನಂಚಲ್ಲಿ ಹಿಮ ಕರಗಿ
ತೊಟ್ಟಿಕ್ಕುವುದು ಕೇಳುವಷ್ಟು ಹೊತ್ತು.

ಕಾದಂಬರಿ ಈ ಕೆಲಸಕ್ಕೆ ಒಗ್ಗದು.
ಸಣ್ಣಕತೆ ಸರಿ, ಅಂಕಕ್ಕೊಂದು.
ಮೇಲಿನ ದೀಪ ಎರಡು ಸಲ ಮಿನುಗುವುದರೊಳಗೆ
ಗಂಡ ಮನೆ ಬಿಟ್ಟಿರಬೇಕು
ಇಲ್ಲವೇ ನಾಯಿ ಸತ್ತಿರಬೇಕು.
ತಡವಾದರೆ ಹಾಳೆಯ ಮೇಲೊಂದು ಕೈ ಚಾಚುತ್ತದೆ:
ನೂರ ಹದಿನಾಲ್ಕು, ಅಮ್ಮಾ, ಬೂದು ಬಣ್ಣದ್ದು,
ಬೇಗ, ಟ್ರಾಮ್ ಹೊರಟುಬಿಡುತ್ತೆ.
ಕೈಗೆ ಸಿಕ್ಕಿದ್ದನ್ನು ಗುರುತಿಗಿಟ್ಟು ಏಳುತ್ತೇನೆ.
ಹಾಗೆಯೇ ಹೋಯಿತು ಎಂಬತ್ತಮೂರನೆಯ ಬಿಲ್ಲೆ,
ಪುಸ್ತಕದೊಡನೆ, ಲೈಬ್ರರಿಗೆ.
ಆ ಕೊಕ್ಕೆಗೆ ಇಡೀ ಚಳಿಗಾಲ ಯಾರೂ ಇಲ್ಲ.

ಮಾರ್ಚಿನಲ್ಲಿ ಜಿಗ್ರೀದಾ ಟಿಕೆಟ್ಟೊಂದನ್ನು
ನನ್ನ ಏಪ್ರನ್ನಿಗೆ ತುರುಕಿದಳು.
ಕಟ್ಟೆ ನಾನು ನೋಡಿಕೊಳ್ಳುತ್ತೇನೆ,
ಒಮ್ಮೆಯಾದರೂ ಮುಂದಿನಿಂದ ನೋಡಿಕೊಂಡು ಬಾ.
ಮೂರನೆಯ ಅಂಕದಲ್ಲಿ ಆಕೆ ನಗುತ್ತಾಳೆ, ನನಗೆ ಗೊತ್ತು,
ನಲವತ್ತು ಸಂಜೆ ಕೇಳಿದ್ದೇನೆ.
ಆ ನಗುವಿಗೆಂದೇ ಪುಸ್ತಕ ಮುಚ್ಚಿಡುತ್ತಿದ್ದೆ.
ಅಂಗೈ ಬೆವೆತಿತ್ತು, ನಾನೇ ನಗಬೇಕಾದವಳ ಹಾಗೆ.

ಆಕೆ ಅಳುತ್ತಿದ್ದಳು.
ಕುರ್ಚಿಯ ಬೆನ್ನು ಹಿಡಿದು, ಬಾಯಿ ಅಗಲಿಸಿ,
ಬರಬಾರದಷ್ಟು ಹೊತ್ತು.

ಸುತ್ತ ಎಲ್ಲರೂ ಕರವಸ್ತ್ರ ತೆಗೆದರು.
ನನಗೆ ಅಳು ಬರಲಿಲ್ಲ, ಸಿಟ್ಟು ಬಂತು.
ನಲವತ್ತು ಸಂಜೆ ನನ್ನೊಡನೆ ನಕ್ಕವಳು ಯಾರು ಹಾಗಾದರೆ?

ಮಾರನೆಯ ಸಂಜೆ ಮತ್ತೆ ಇಲ್ಲೇ ಕೂತೆ.
ಸರಿಯಾಗಿ ಒಂಬತ್ತೂಕಾಲಿಗೆ,
ಗೋಡೆಯಾಚೆ,
ನಕ್ಕಳು.

ಏಪ್ರಿಲಿನಲ್ಲಿ ಒಬ್ಬ ಹುಡುಗ ಬಂದ,
ಮೂಗಿನ ತುದಿ ಕೆಂಪು, ತೆಳು ಜಾಕೆಟ್ಟು.
ಬಿಲ್ಲೆಯೊಂದನ್ನು ಕಟ್ಟೆಯ ಮೇಲೆ ಟಣ್ಣನೆ ಇಟ್ಟು
ಎಂಬತ್ತಮೂರು, ನನ್ನ ಕೋಟು ಕೊಡಿ ಅಂದ.
ನಾನು ತಬ್ಬಿಬ್ಬಾದದ್ದು ನೋಡಿ ಕಿಸಕ್ಕೆಂದ.
ಪುಸ್ತಕದಲ್ಲಿ ಸಿಕ್ಕಿತಂತೆ. ಒಂದೇ ಪ್ರಶ್ನೆಯಂತೆ:
ಇನ್ನೆರಡೇ ಪುಟ ಇತ್ತಲ್ಲ,
ಅಲ್ಲೇ ಯಾಕೆ ನಿಲ್ಲಿಸಿದಿರಿ?

ಯಾರೋ ಕೋಟು ಕೇಳಿದರು, ಅಂದೆ.

ಕೊನೆಗೆ ಏನಾಗುತ್ತದೆ ಗೊತ್ತಾ, ಆ ಹೆಂಗಸು…
ಬೇಡ ಅಂದೆ. ನನ್ನ ದನಿ ತುಸು ಜೋರಾಯಿತು.
ನಾನಾಗಲೇ ಅವಳನ್ನು ದೋಣಿ ಹತ್ತಿಸಿ
ದೌಗವಾ ದಾಟಿಸಿ, ಆಚೆ ದಡದಲ್ಲಿ
ಒಂದು ಬೇಕರಿಯಲ್ಲಿ ಕೆಲಸಕ್ಕಿಟ್ಟಿದ್ದೆ.

ದೀಪ ಮಿನುಗಿತು. ಹುಡುಗ ಓಡಿದ.
ಅವನ ಜಾಕೆಟ್ಟನ್ನು ಎಂಬತ್ತಮೂರಕ್ಕೇ ತೂಗುಹಾಕಿದೆ.
ಒಂದು ಜೇಬು ಮಾತ್ರ ಜಗ್ಗುತ್ತಿತ್ತು,
ಚೌಕಾಕಾರದ ಭಾರ.

ಎರಡು ಪುಟ. ಮುಂದೆ ಇಡೀ ಒಂದು ಅಂಕ.
ಕೈಗಳನ್ನು ಏಪ್ರನ್ನಿನೊಳಗೆ ಇಟ್ಟುಕೊಂಡು
ಗೋಡೆಯ ಕಡೆ ತಿರುಗಿ ಕೂತೆ.