ಒಂದು ರೂಪಾಯಿಯ ಸ್ಟಾಂಪು

ಬೋಳಾರ. ಹಂಚಿನ ಕಾರ್ಖಾನೆಯ ಹಿಂದಿನ ಓಣಿ.
ಅಕ್ಕನ ಮನೆಯ ಕೆಳಗಿನ ಎರಡು ಕೋಣೆಯಲ್ಲಿ
ನಾನು, ಮಗ, ಒಂದು ಹೊಲಿಗೆ ಮೆಷಿನ್ನು.
ತಿಂಗಳ ಐದಕ್ಕೆ ನಾಲ್ಕೂವರೆ ಸಾವಿರ ಹಿಡಿದು
ಮೆಟ್ಟಿಲು ಹತ್ತುತ್ತೇನೆ. ಅಕ್ಕ ಎಣಿಸುವುದಿಲ್ಲ.
"ನಿನ್ನದನ್ನು ಎಣಿಸುದಾ ಮಾರಾಯ್ತಿ?"
ನಾನು ಅರ್ಧ ಮೆಟ್ಟಿಲು ಇಳಿದಾಗ
ಮೇಲೆ ನೋಟು ಮಗುಚುವ ಸದ್ದು.

ಅದಕ್ಕೆ ಬಾಡಿಗೆ ಎನ್ನುವ ಹಾಗಿಲ್ಲ.
ನಮ್ಮಲ್ಲಿ ಅದರ ಹೆಸರು 'ಅದು'.
ಅದು ಕೊಟ್ಟೆಯಾ? ಅದು ಈ ಸಲ ಸ್ವಲ್ಪ ತಡ.
ರಾತ್ರಿ ಹೊತ್ತು ಹಾವಿನ ಹೆಸರೆತ್ತದ ಹಾಗೆ.

ಅಕ್ಕ ಬಾಗಿಲು ತಟ್ಟುವುದಿಲ್ಲ.
ನಾನು ಮಿಂದು ತಲೆ ಒರೆಸುವಾಗ,
ಗಿರಾಕಿಯ ಎದೆಸುತ್ತು ಅಳೆಯುವಾಗ
ಸೀದಾ ಒಳಬಂದು ಫ್ಯಾನು ಆರಿಸಿ ಹೋಗುತ್ತಾಳೆ,
ಮೀಟರು ಒಂದೇ ಅಲ್ಲವಾ.
ಮಾರ್ಚಿಗೆ ಬಾವಿ ಉಪ್ಪಾಗುತ್ತದೆ,
ಸಿಹಿನೀರಿನ ವಾಲ್ವು ಮೇಲಿನ ಬಾಲ್ಕನಿಯಲ್ಲಿ.
ನಾವಿಬ್ಬರು ಮಾತು ಬಿಟ್ಟ ದಿನ
ನನ್ನ ನಲ್ಲಿಯೂ ಮಾತು ಬಿಡುತ್ತದೆ.

ಹಾಗೆಂದು ಕೆಟ್ಟವಳಲ್ಲ. ಇದನ್ನೂ ಬರೆಯಬೇಕು.
ಗಂಡ ಹೋದ ವಾರ ದಿನಾ ಗಂಜಿ ತಂದವಳು ಅವಳೇ,
ಮಗನ ಟೈಫಾಯ್ಡಿಗೆ ವೆನ್ಲಾಕಿನ ಬೆಂಚಿನಲ್ಲಿ
ಮೂರು ರಾತ್ರಿ ಕೂತವಳು ಅವಳೇ.
ಅದಕ್ಕೇ ಕಷ್ಟ.
ಹೊರಗಿನ ಮಾಲಕನಾದರೆ ಜಗಳಕ್ಕೊಂದು ಅಳತೆ ಉಂಟು,
ಟೇಪು ಹಿಡಿದು ಇಲ್ಲಿಂದ ಇಲ್ಲಿಗೆ ಅನ್ನಬಹುದು.
ಅಕ್ಕನಾದರೆ ಟೇಪಿನ ತುದಿ ಎಲ್ಲಿಗೆ ಹಿಡಿಯಲಿ?
ಬಂಗುಡೆ ಪುಳಿಮುಂಚಿಯ ಬಟ್ಟಲಿಗಾ,
ನಾಲ್ಕೂವರೆ ಸಾವಿರಕ್ಕಾ?

ಮೊನ್ನೆ ಬಾವ ಪೇಪರಿನ ಮರೆಯಿಂದ ಹೇಳಿದರು:
"ಮೇಯಲ್ಲಿ ಧೀರಜನ ಮದುವೆ ಅಲ್ಲವಾ,
ಕೆಳಗಿನದು ಬೇಕಾಗಬಹುದು."
ನೋಟಿಸೂ ಅಲ್ಲ, ಜಗಳವೂ ಅಲ್ಲ.
ಹದಿನಾಲ್ಕು ವರ್ಷ ಒಂದು 'ಬಹುದು'ವಿನ ತುದಿಗೆ
ಹುಕ್ಕು ಕಿತ್ತ ರವಿಕೆಯ ಹಾಗೆ ನೇತಾಡಿತು.

ಕರಿಕೋಟಿಗೆ ಗುಂಡಿ ಹಾಕಿಸಲು ಬಂದ ವಕೀಲೆ ಕೇಳಿದಳು,
ಅಗ್ರಿಮೆಂಟು? ಇಲ್ಲ. ರಶೀದಿ? ಇಲ್ಲ.
ಬ್ಯಾಂಕಿನಲ್ಲಾದರೂ? ಇಲ್ಲ, ಕೈಯಲ್ಲೇ.
ಗುಂಡಿ ಎಳೆದು ನೋಡುತ್ತ ಅಂದಳು:
"ಕೊಟ್ಟದ್ದಕ್ಕೆ ಒಂದು ಚೀಟಿ ಇದ್ದರೆ ನೀವು ಬಾಡಿಗೆಯವರು.
ಇಲ್ಲದಿದ್ದರೆ ಬರೀ ತಂಗಿ."

ರಾತ್ರಿ ನನ್ನ ಬಿಲ್ಲು ಪುಸ್ತಕದಲ್ಲೇ
'ಸುಗಂಧಿ ಲೇಡೀಸ್ ಟೈಲರ್' ಹೊಡೆದುಹಾಕಿ ಬರೆದೆ:
ವಾರಿಜಾಕ್ಷಿಯಾದ ನಾನು ಸುಗಂಧಿಯವರಿಂದ
ಏಪ್ರಿಲ್ ತಿಂಗಳ
ಬಾಡಿಗೆ.
ಆ ಮೂರಕ್ಷರಕ್ಕೆ ಕೈ ಬೆವರಿತು.
ಸ್ಟಾಂಪು ನೆಕ್ಕಿ ಅಂಟಿಸಿದೆ, ನಾಲಗೆಯಲ್ಲಿ
ಬೆಳಗಿನವರೆಗೂ ಗೋಂದಿನ ರುಚಿ.

"ಉಂದು ಎಂಚಿನ?" ಅಂದಳು ಅಕ್ಕ.
ಕನ್ನಡಕ ಹುಡುಕಿ, ಹಾಕಿ, ತೆಗೆದು,
"ನಾನು ನಿನಗೆ ಹೊರಗಿನವಳಾ?"
ಕಲಿತಿಟ್ಟ ಮಾತೆಲ್ಲ ಮರೆತು ನಾನು ಹೇಳಿದ್ದು ಇಷ್ಟು:
"ಹೊರಗಿನವರನ್ನು ಎಬ್ಬಿಸಲಿಕ್ಕೂ
ಮೊದಲೇ ದಿನ ಹೇಳ್ತಾರೆ ಅಕ್ಕ.
ನನಗೆ ಅಷ್ಟಾದರೂ ಕೊಡು."
ಅವತ್ತು ಹಣವನ್ನು ನನ್ನೆದುರೇ ಎಣಿಸಿದಳು.
ಬೆರಳು ಒದ್ದೆ ಮಾಡಿ, ಎರಡೆರಡು ಸಲ.
ಚೀಟಿ ಮಡಚಿ ಸೆರಗಿಗೆ ಸಿಕ್ಕಿಸಿದಳು. ಸಹಿ ಹಾಕಲಿಲ್ಲ.

ಮೂರು ದಿನ ನಲ್ಲಿ ಮಾತಾಡಲಿಲ್ಲ.

ಇವತ್ತು ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು.
ಗಿರಾಕಿಗಳು ಓಣಿಯಿಂದಲೇ ಕೂಗುವವರು,
ಮಗನಿಗೆ ತಟ್ಟಿ ಗೊತ್ತಿಲ್ಲ.
ತೆರೆದಿದ್ದ ಬಾಗಿಲಿನಾಚೆ ಅಕ್ಕ.
ಒಂದು ಕೈಯಲ್ಲಿ ಮುಚ್ಚಿದ ಬಟ್ಟಲು,
ಇನ್ನೊಂದು ಕೈ ಹಿಂದೆ.
"ಬರಬಹುದಾ?" ಅಂದಳು.
ಹದಿನಾಲ್ಕು ವರ್ಷದಲ್ಲಿ ಮೊದಲ ಸಲ.

ನನ್ನ ಬಾಯಿ ತುಂಬ ಗುಂಡುಸೂಜಿ.