ಮೂರನೇ ಬಾವಿಯ ಕೆಳಗ

ವೈಜಿನಾಥ ಸರ್ ಹೇಳಿದ್ದು ಇಷ್ಟ:
ಪರದೇಶದ ಹಳೇ ಸಂಗೀತ ನಾಟಕ.
ಹಾಡುಗಾರನ ಹೆಂಡ್ತಿ ಹಾವು ಕಚ್ಚಿ ಸಾಯ್ತಾಳ,
ಅವ ಪಾತಾಳಕ್ಕಿಳಿದು, ಹಾಡಿ, ಆಕೀನ್ನ ಬೇಡಿ ತರ್ತಾನ.
ಒಂದ ಕರಾರು: ಬಿಸಿಲು ಮುಟ್ಟೋತನ
ತಿರುಗಿ ನೋಡಬಾರದು.

ನಮ್ಮ ಬೀದರದಾಗ ಪಾತಾಳ ತಯಾರ ಅದ, ಅಂದ್ರು,
ನೌಬಾದಿನ ಸುರಂಗ ಬಾವಿ.
ಜನ ಮ್ಯಾಲ, ಬಾವಿ ಬಾಯಿಗೆ ಕೂತು ಕೇಳ್ತಾರ.
ಚಾಪಿ ಅವರವರದು.

ಪ್ರೇಮದಾಸಗ ಹನ್ನೊಂದು ಹಾಡು,
ಜೋಗಿಯಾ, ಭೈರವಿ, ನಡುವ ತತ್ವಪದದ ಒಂದು ಧಾಟಿ.
ಚರ್ಚಿನಾಗ ಪಳಗಿದ ದನಿ.
ನನಗ, ನಡಿಯೋದು.
‘ಸತ್ತಾಕಿ ನೀ. ಗೆಜ್ಜಿ ಬ್ಯಾಡ, ಬಳಿ ಬ್ಯಾಡ.
ಹೆಜ್ಜಿ ಸಪ್ಪಳ ಕೇಳದಿದ್ರ ತಾನ
ಅವಗ ಸಂಶಯ?’

ಸರ್ ಸುರಂಗದಾಗ ಇಳಿದು ನೋಡಿದ್ದಿಲ್ಲ.
ಮೊಳಕಾಲ ಮಟ ನೀರು, ಸುಲ್ತಾನರ ಕಾಲದ್ದು,
ಹೆಜ್ಜಿಗೊಮ್ಮೆ ಬುಳಕ್, ಬುಳಕ್,
ಸತ್ತಾಕಿ ಬರ್ಲತ್ತಾಳ ಅಂತ
ಕೆಂಪುಗಲ್ಲಿಗೆಲ್ಲ ಚಾಡಿ ಹೇಳ್ತಿತ್ತು.

ಪ್ರೇಮದಾಸ ನಿಶ್ಚಿಂತಿಲೆ ಹೊಂಟಿದ್ದ.
ಅವನ ಬೆನ್ನಿಗೆ ಕಿವಿ ಮೂಡಿದ್ವು.
ಬುಳಕ್ ಅಂದಂಗ ತಾನ ಏರ್ತಿತ್ತು,
ಅವನ ತಾಳ ನಾನ ಆಗಿದ್ದೆ.
ಹಿಂಗ ಹ್ವಾದ್ರ ಮನಿ ಮುಟ್ತೀವಿ, ಅನಿಸ್ತು.
ಮುಟ್ಟಿ, ಬದುಕಿ, ಮತ್ತ
ಅವನ ಹಿಂದ ಹಿಂಗ ನಡೀತೀನಿ,
ಹನ್ನೆರಡನೇ ಹಾಡಿಗೆ, ಹದಿಮೂರನೇದಕ್ಕ.

ಮೂರನೇ ಬಾವಿ ಕೆಳಗ
ಒಂದು ಕೊಡದಷ್ಟು ಬಿಸಿಲು ಬಿದ್ದಿತ್ತು.
ಮ್ಯಾಲಿಂದ ಯಾರದೋ ಶೇಂಗಾ ಸಿಪ್ಪಿ
ತೇಲಿ ತೇಲಿ ಬಂದು
ನನ್ನ ಹೆಗಲಿಗೆ ಕೂತಿತು.
ನಿಂತೆ.

ನೀರು ಸುಮ್ಮನಾತು.
ಭೈರವಿ ಧೈವತದ ಮ್ಯಾಲ ಕಾಲು ಜಾರಿತು.
ಅವ ತಿರುಗಿದ.

ಅವಗ ಅಲ್ಲ, ನೀರಿಗಲ್ಲ,
ಮ್ಯಾಲಿನ ಆ ದುಂಡನ ಆಕಾಶಕ್ಕ
ಬಾಯಿ ತೆರದೆ. ಬರೇ ಸಾ.
ಬಾವಿ ಅದನ್ನ ಹಗ್ಗಿಲ್ಲದನ
ಸೇದಿಕೊಂತು.

ದಂಡಿಗೆ ಕೂತಿದ್ದ ಮೈಬೂಬ್ ಬೀ,
ಕಣ್ಣು ಕಾಣದಾಕಿ, ಕೇಳಿದಳಂತ:
‘ಸತ್ತಾಕಿಗಿ ಇಷ್ಟು ಉಸುರು ಎಲ್ಲಿಂದ ಬಂತವ್ವಾ?’
ಯಾರೋ ಚಪ್ಪಾಳಿ ಹೊಡೀಲಿಕ್ಕೆ ಹೋಗಿ
ನಡುವ ಬಿಟ್ಟರಂತ.
ಸರ್ ಕೈಯಾಗಿನ ಹಾಳಿ ಹಿಂದಮುಂದ ತಿರುವಿ
ಈ ಸಾ ಎಲ್ಲೆದ ಅಂತ ಹುಡುಕಲತ್ತಿದ್ರಂತ.

ವಾಪಸ್ ಆಟೋದಾಗ ಪ್ರೇಮದಾಸ,
ಒದ್ದಿ ಪ್ಯಾಂಟಿನ ಅಂಚು ಹಿಂಡಿಕೋತ:
‘ಯಾಕ ನಿಂತಿ?’

ಚಪ್ಪಲಿ ಕಿತ್ತಿತ್ತು, ಅಂದೆ.

ಅವ ನನ್ನ ಕಾಲು ನೋಡಿದ.
ಮುಂಜಾನಿಂದ
ಬರಿಗಾಲು.