ಎರಡನೆಯ ಕೀಲಿ

ಶನಿವಾರ ಬೆಳಿಗ್ಗೆ ಒತಾರ್ ಅಜ್ಜ ಲೈಬ್ರರಿಗೆ ಬಂದ,
ಕಂಕುಳಲ್ಲಿ ಟವೆಲು ಸುತ್ತಿದ ಲ್ಯಾಪ್‌ಟಾಪು,
ಒಲೆಯಿಂದ ಈಗಷ್ಟೇ ತೆಗೆದ ರೊಟ್ಟಿಯ ಹಾಗೆ.
ತಿಬಿಲಿಸಿಯ ಈ ಗುಡ್ಡದ ಬೀದಿಯಲ್ಲಿ
ಅರ್ಧಕ್ಕರ್ಧ ಮನೆಗಳಿಗೆ ಬೀಗ ಕೂರಿಸಿದವನು ಅವನೇ.
ತೊಂಬತ್ತರ ದಶಕದ ಕರೆಂಟಿಲ್ಲದ ಚಳಿಗಾಲಗಳಲ್ಲಿ
ಮೇಣದಬತ್ತಿ ಹಲ್ಲಲ್ಲಿ ಕಚ್ಚಿ
ಕಬ್ಬಿಣದ ಕದ, ಕದಕ್ಕೆ ಮೂರು ಮೂರು ಚಿಲಕ.
ನಮ್ಮ ಮನೆಯದೂ ಅವನ ಕೈಕೆಲಸ;
ಇವತ್ತಿಗೂ ತಿರುಗಿಸಿದರೆ ಕೆಮ್ಮುತ್ತದೆ.

"ಮೋಸ ಹೋದೆ, ನುತ್ಸಾ."
ಎಷ್ಟು ಹೋಯಿತೆಂದು ಹೇಳಲಿಲ್ಲ. ಟೋಪಿ ತೆಗೆದು ಮೇಜಿನ ಮೇಲಿಟ್ಟ.
"ಬ್ಯಾಂಕಿನದೇ ಪುಟ. ಅದೇ ಹಸಿರು, ಅದೇ ಗುರುತು.
ಮೇಲೆ ಒಂದು ಪುಟ್ಟ ಬೀಗದ ಚಿತ್ರ.
ಬೀಗ ನೋಡಿ ನಂಬಿದೆ.
ನಾನು! ಬೀಗ ನೋಡಿ!"

ವಿಳಾಸ ತೋರಿಸಿದೆ. ಒಂದಕ್ಷರ ಜಾಸ್ತಿ ಇತ್ತು,
ಸರದಿಯ ನಡುವೆ ನುಸುಳಿ ನಿಂತ ಕಿಸೆಗಳ್ಳನಂತೆ.
"ಈ ಬೀಗ ಹೇಳುವುದು ಇಷ್ಟೇ, ಅಜ್ಜಾ:
ದಾರಿಯಲ್ಲಿ ಯಾರೂ ನಿನ್ನ ಕಾಗದ ಒಡೆದು ಓದುವುದಿಲ್ಲ.
ದಾರಿಯ ಕೊನೆಗೆ ಕೂತವನು ಯಾರು,
ಅದು ಬೀಗಕ್ಕೆ ಗೊತ್ತಿಲ್ಲ."
ಬಹಳ ಹೊತ್ತು ಸುಮ್ಮನಿದ್ದ.
"ಕಳ್ಳರ ಮನೆಗೂ ಬೀಗ ಹಾಕಿದ್ದೇನೆ," ಅಂದ ಆಮೇಲೆ,
"ಒಳ್ಳೆಯ ಬೀಗವನ್ನೇ."

ಈಗ ಬ್ರೌಸರ್ ಆರಿಸಬೇಕು.
ಹಳೆಯದು ಆರು ವರ್ಷದಿಂದ ಅಪ್‌ಡೇಟ್ ಕಂಡಿಲ್ಲ,
ಎಣ್ಣೆ ಕಾಣದ ಬಿಜಾಗರಿ.
ಪರದೆಯ ಮೇಲೆ ಮೂರು ನಾಲ್ಕನ್ನು ಸಾಲಾಗಿಟ್ಟೆ.
ಎಲ್ಲರೂ ಕೇಳುವುದು, ಯಾವುದು ಬೇಗ, ಯಾವುದು ಚಂದ.
ಅವನು ಕೇಳಿದ್ದು, ಮಾಡಿದವರು ಯಾರು, ಬೆಲೆಯೆಷ್ಟು.
ಬೆಲೆಯಿಲ್ಲ, ಎಲ್ಲ ಪುಕ್ಕಟೆ, ಅಂದೆ.
ಕನ್ನಡಕ ಹಣೆಗೇರಿತು.
ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ
ಅನ್ನುವ ಪೈಕಿಯಲ್ಲ ಅವನು.
"ಬೀಗ ಪುಕ್ಕಟೆ ಕೊಟ್ಟವನು
ಎರಡನೆಯ ಕೀಲಿ ಇಟ್ಟುಕೊಂಡಿರುತ್ತಾನೆ, ಮಗು.
ಎಲ್ಲಿಟ್ಟಿದ್ದಾನೆ, ಕೇಳು."

ಎರಡು ವರ್ಷದಿಂದ ಇದೇ ಪಾಠ ಹೇಳುತ್ತಿದ್ದೇನೆ,
ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ.
ಕೇಳಿದೆವು ಇಬ್ಬರೂ. ಸೆಟ್ಟಿಂಗಿನ ಒಳಗೆ, ಅದರೊಳಗೆ,
ಅದರ ಬೆನ್ನಿಗೆ ಅಡಗಿದ ಸಣ್ಣಕ್ಷರದಲ್ಲಿ.
ಒಂದು, ಹೋದಲ್ಲೆಲ್ಲ ಹೆಜ್ಜೆಗುರುತು ಉಳಿಸಿ ಮಾರಿಕೊಳ್ಳುವುದು;
ಒಂದು ಅಳಿಸುವುದು, ಹೇಳಿದರೆ ಮಾತ್ರ;
ಇನ್ನೊಂದು, ಅಳಿಸುತ್ತೇನೆಂದು ಬಹಳ ಜೋರಾಗಿ ಹೇಳುವುದು.
ಜೋರಿನದನ್ನು ಅವನೇ ಬೇಡವೆಂದ.
ಆರಿಸಿದ್ದು, ತನ್ನ ಹೊಟ್ಟೆ ಬಗೆದು
ಯಾರು ಕೇಳಿದರೂ ಒಳಗು ತೋರಿಸುವಂಥದ್ದು.
"ಬಿಚ್ಚಿ ತೋರಿಸಲು ಹೆದರದ್ದೇ ಬೀಗ.
ಉಳಿದದ್ದು ಡಬ್ಬಿ."

ಇನ್ನು ಪಾಸ್‌ವರ್ಡು.
"ಎಲ್ಲ ಬಾಗಿಲಿಗೂ ಒಂದೇ ಕೀಲಿಯೇನು?"
ಇದೇ ಮಾತಿಗೆ ಗಿರಾಕಿಗಳನ್ನು ಬೈದು ಕಳಿಸುತ್ತಿದ್ದ ಮನುಷ್ಯ
ತಲೆ ತಗ್ಗಿಸಿದ.
ಚೀಟಿಯ ಮೇಲೆ ಬರೆದ: ಲಮಾರಾ, ಮುಂದೆ ಹುಟ್ಟಿದ ವರ್ಷ.
ಬ್ಯಾಂಕಿಗೂ ಅದೇ, ಔಷಧಿ ಅಂಗಡಿಗೂ, ಚದುರಂಗದಾಟಕ್ಕೂ.
ಲಮಾರಾ ಅಜ್ಜಿ ತೀರಿಕೊಂಡು ನಾಲ್ಕು ವರ್ಷ.
"ಬದಲಾಯಿಸಲೇಬೇಕೇ?"
ಬೇಕು. ಕಳ್ಳರು ಮೊದಲು ತಡವುವುದೇ ಹೆಂಡತಿಯ ಹೆಸರು.
"ದಿನಕ್ಕೆ ಐದಾರು ಸಲ ಬರೆಯುತ್ತಿದ್ದೆ.
ಈಗ ಅವಳ ಹೆಸರು ಯಾರೂ ಕೇಳುವುದಿಲ್ಲ, ನುತ್ಸಾ,
ಈ ಪೆಟ್ಟಿಗೆಯೊಂದು ಕೇಳುತ್ತಿತ್ತು."

ನನ್ನ ಪಾಠದಲ್ಲಿ ಇದಕ್ಕೆ ಉತ್ತರವಿಲ್ಲ.

ಒಂದಕ್ಕೊಂದು ನಂಟಿಲ್ಲದ ನಾಲ್ಕು ಪದ ಹುಡುಕು, ಅಂದೆ.
ಚೀಟಿ ಹರಿದು, ಚೂರುಗಳನ್ನು ಜೇಬಿಗೆ ಹಾಕಿಕೊಂಡು,
ಬೆನ್ನು ಅಡ್ಡ ಕೊಟ್ಟು ಗೋಡೆಗೆ ಮುಖ ಮಾಡಿ
ಒಂದೊಂದೇ ಅಕ್ಷರ ಒತ್ತಿದ.
ನಾನು ಕಿಟಕಿ ನೋಡಿದೆ. ಕೆಳಗೆ ಮತ್ಕ್ವಾರಿ ಹೊಳೆ
ಕೆಸರು ಹೊತ್ತು ಸಾಗಿತ್ತು.

ಟವೆಲು ಸುತ್ತಿಕೊಂಡು ಎದ್ದ. ಬಾಗಿಲಲ್ಲಿ ನಿಂತು
ಅಭ್ಯಾಸಬಲದಿಂದ ನಮ್ಮ ಚಿಲಕ ಅಲ್ಲಾಡಿಸಿ ನೋಡಿ,
"ನಾಲ್ಕು ಪದಕ್ಕೂ ನಂಟಿದೆ," ಅಂದ,
"ಗೊತ್ತಿದ್ದವಳು ಒಬ್ಬಳೇ."